ಯಾದೃಚ್ಛಿಕ ಸಂಖ್ಯೆಗಳು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಬೆದ್ದಲುಗಳಲ್ಲಿ ರಾಗಿಯ ತೆನೆ ಬಲಿತಾಗ ಬೆಳೆ ಕಟಾವು ಪ್ರಯೋಗಗಳು ನಡೆಯುತ್ತವೆ. ಆಯ್ದ ಹೊಲದಲ್ಲಿ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕವೊಂದನ್ನು ಹಗ್ಗದಿಂದ ಗುರುತಿಸಿ, ಅದರೊಳಗಿನ ಪೈರನ್ನು ಕೊಯ್ದು ಕಾಳನ್ನು ತೂಗುತ್ತಾರೆ. ಇಂತಹ ಕೆಲವೇ ತೂಕಗಳ ಸರಾಸರಿಯಿಂದ ಇಡೀ ಪ್ರದೇಶದ ಇಳುವರಿ ನಿರ್ಧಾರವಾಗುತ್ತದೆ. ಮಳೆ ಕೈಕೊಟ್ಟ ವರ್ಷ ವಿಮೆ ಮಾಡಿಸಿದ ರೈತನಿಗೆ ಪರಿಹಾರ ದೊರೆಯುವುದೂ ದೊರೆಯದಿರುವುದೂ ಈ ಅಂಕಿಯನ್ನು ಅವಲಂಬಿಸಿದೆ.

ಆ ಚೌಕವನ್ನು ಆರಿಸುವವರು ಯಾರು? ಕಣ್ಣಳತೆಗೆ ಬಿಟ್ಟರೆ, ಪ್ರಾಮಾಣಿಕನ ಕಣ್ಣೂ ತನಗರಿವಿಲ್ಲದೆಯೇ ತುಂಬಿದ ತೆನೆಗಳತ್ತ ಹೊರಳೀತು. ಆದುದರಿಂದ ಆಯ್ಕೆಯನ್ನು ಯಾರ ಇಚ್ಛೆಗೂ ಒಳಪಡದ ಯಾದೃಚ್ಛಿಕ ಸಂಖ್ಯೆಗಳಿಗೆ ಒಪ್ಪಿಸಲಾಗಿದೆ. ಹೊಲವು 60 ಮೀಟರ್ ಉದ್ದ, 40 ಮೀಟರ್ ಅಗಲವಿದೆಯೆನ್ನೋಣ. ಚೌಕವು ಹೊಲದೊಳಗೇ ಇರಬೇಕಾದ ಕಾರಣ ಉದ್ದಕ್ಕೆ 55ನ್ನೂ ಅಗಲಕ್ಕೆ 35ನ್ನೂ ಮೀರದ ಒಂದೊಂದು ಸಂಖ್ಯೆ ಬೇಕು. 23 ಮತ್ತು 11 ಬಂದರೆ, ನೈರುತ್ಯ ಮೂಲೆಯಿಂದ ಅಷ್ಟಷ್ಟು ಅಳೆದು ಗೂಟ ನೆಡಬೇಕು. ಅಲ್ಲಿ ಪೈರು ಸೊರಗಿದ್ದರೂ ಗೂಟವನ್ನು ಕದಲಿಸುವಂತಿಲ್ಲ.

ಹಿಂದೆ ಇಂತಹ ಸಂಖ್ಯೆಗಳನ್ನು ಅಚ್ಚಾದ ಕೋಷ್ಟಕಗಳಿಂದ ಪಡೆಯುತ್ತಿದ್ದರು. 1927ರಲ್ಲಿ ಇಂಗ್ಲೆಂಡಿನ ಟಿಪ್ಪೆಟ್ ಎಂಬ ಸಂಖ್ಯಾಶಾಸ್ತ್ರಜ್ಞನು ಜನಗಣತಿ ವರದಿಗಳಿಂದ ಆಯ್ದ 41,600 ಅಂಕಿಗಳ ಕೋಷ್ಟಕವನ್ನು ಪ್ರಕಟಿಸಿದನು. ಇಂದು ಈ ಕೆಲಸವನ್ನು ಗಣಕಯಂತ್ರವು ಕ್ಷಣಮಾತ್ರದಲ್ಲಿ ಮಾಡಬಲ್ಲುದು. ಅದರ ಸ್ಮೃತಿಯಲ್ಲಿ ಕ್ರಮಾಂಕವುಳ್ಳ ಮನೆಗಳ ಸಾಲೊಂದಿರುತ್ತದೆ. ಇದಕ್ಕೆ ‘ಅರೇ’ ಎಂದು ಹೆಸರು. ಅನೇಕ ಗಣಕಭಾಷೆಗಳಲ್ಲಿ ಮೊದಲ ಮನೆಯ ಕ್ರಮಾಂಕ ಸೊನ್ನೆ. ಯಂತ್ರವು ಮನೆಯಿಂದ ಮನೆಗೆ ಸಾಗುತ್ತ ಒಂದೊಂದರಲ್ಲಿ ಒಂದೊಂದು ಸಂಖ್ಯೆಯನ್ನು ಇಡುತ್ತದೆ.

ಆದರೆ ನಿಯಮವನ್ನು ಬಿಟ್ಟು ನಡೆಯಲಾರದ ಯಂತ್ರಕ್ಕೆ ನಿಯಮವಿಲ್ಲದ ಸಂಖ್ಯೆ ಎಲ್ಲಿಂದ ಬರಬೇಕು? ಅಮೆರಿಕದ ಲೇಮರ್ ಎಂಬ ಗಣಿತಜ್ಞನು ಸುಮಾರು 1950ರಲ್ಲಿ ತೋರಿದ ಜಾಣ್ಮೆಯ ಉಪಾಯದ ಒಂದು ರೂಪ ಹೀಗಿದೆ: ಹಿಂದಿನ ಸಂಖ್ಯೆಯನ್ನು 5ರಿಂದ ಗುಣಿಸಿ, 3 ಕೂಡಿಸಿ, 16ರಿಂದ ಭಾಗಿಸಿ ಶೇಷವನ್ನು ಉಳಿಸಿಕೊಳ್ಳುವುದು. 7ರಿಂದ ತೊಡಗಿದರೆ 6, 1, 8, 11, 10, 5, 12 ಎಂದು ಬರುತ್ತವೆ. ನೋಡಲು ಅಡ್ಡಾದಿಡ್ಡಿಯೇ, ಆದರೂ ಸೂಕ್ಷ್ಮವಾಗಿ ಗಮನಿಸಿದರೆ ಬೆಸ ಮತ್ತು ಸಮ ಸಂಖ್ಯೆಗಳು ಒಂದಾದಮೇಲೊಂದು ಬರುವುದು ಕಾಣುತ್ತದೆ. ಹದಿನಾರು ಸಂಖ್ಯೆಗಳಾದ ಮೇಲೆ ಸರಣಿ ಮರಳಿ 7ಕ್ಕೇ ಬರುತ್ತದೆ. 16ರ ಬದಲು ಬಹು ದೊಡ್ಡ ಸಂಖ್ಯೆಯನ್ನು ಬಳಸಿದರೆ ಈ ಮರುಕಳಿಕೆ ಬಹುದೂರ ಸರಿಯುತ್ತದೆ.

ತೊಡಗುವ ಸಂಖ್ಯೆಯನ್ನು ‘ಬೀಜ’ ಎನ್ನುತ್ತಾರೆ. ಬೀಜ ಒಂದೇ ಆದರೆ ಪಟ್ಟಿಯೂ ಒಂದೇ. ಪ್ರತಿವರ್ಷ ಅದನ್ನೇ ಬಳಸಿದರೆ ಯಾವ ಸಂಖ್ಯೆ ಬರುವುದೆಂದು ತಿಳಿದವನು ಮೊದಲೇ ಹೇಳಿಬಿಟ್ಟಾನು. ಅದಕ್ಕಾಗಿ ಬೀಜವನ್ನು ಹಲವು ವೇಳೆ ಯಂತ್ರದ ಗಡಿಯಾರದಿಂದ ಪಡೆಯುವುದುಂಟು. ಆ ಬೀಜವನ್ನು ಬರೆದಿಟ್ಟುಕೊಂಡರೆ, ಮುಂದೆ ಆಯ್ಕೆಯ ಬಗ್ಗೆ ಸಂದೇಹ ತೋರಿದಾಗ ಅದೇ ಪಟ್ಟಿಯನ್ನು ಮತ್ತೊಮ್ಮೆ ಪಡೆದು ತಾಳೆ ನೋಡಬಹುದು.