ಈ ಮುಖ ಎಲ್ಲೋ ನೋಡಿದ್ದೀನಲ್ಲ? ‘ಕೊಲಂಬೊ’ ಮತ್ತು ಹಿಂದೆ ನಿಂತವರ ರಾಜಕೀಯ

ಕಳೆದ ಮಳೆಗಾಲದಲ್ಲಿ ಜ್ವರ ಬಂದು ಒಂದು ವಾರ ರೂಮಲ್ಲೇ ಬಿದ್ದಿದ್ದೆ. ಟೈಮ್ ಪಾಸ್‌ಗೆ ಅಂತ ‘ಕೊಲಂಬೊ’ ಹಾಕಿಕೊಂಡೆ. ಹಳೇ ಅಮೆರಿಕನ್ ಪತ್ತೇದಾರಿ ಸರಣಿ. ಸುಕ್ಕುಗಟ್ಟಿದ ರೈನ್‌ಕೋಟ್, ಕೈಯಲ್ಲೊಂದು ಸಿಗಾರ್, ಲಟಾರಿ ಕಾರು, ಹೊರಟವನು ಬಾಗಿಲ ಬಳಿ ತಿರುಗಿ ನಿಂತು “ಇನ್ನೊಂದೇ ಒಂದು ವಿಷಯ ಸಾರ್” ಅನ್ನೋ ಲೆಫ್ಟಿನೆಂಟ್. ಆರನೇ ಕಂತಿಗೋ ಏಳನೇ ಕಂತಿಗೋ ನನಗೊಂದು ಹೊಸ ಚಾಳಿ ಹತ್ತಿತು. ಕೊಲೆಗಾರನನ್ನು ಬಿಟ್ಟು, ಅವನಿಗೆ ಗ್ಲಾಸು ತಂದುಕೊಡೋ ಮನುಷ್ಯನನ್ನು ನೋಡೋಕೆ ಶುರು ಮಾಡಿದೆ. ಪಾಸ್ ಒತ್ತಿ, ಹಿಂದಕ್ಕೆ ಹೋಗಿ, “ಅರೆ, ಇವನು ಆವತ್ತು ಬೇರೆಲ್ಲೋ ಇದ್ನಲ್ಲ?”

ಇದು ನನ್ನೊಬ್ಬನ ಹುಚ್ಚಲ್ಲ. ಈ ಸರಣಿಯ ಅಭಿಮಾನಿಗಳು ದಶಕಗಳಿಂದ ಮಾಡ್ತಾ ಬಂದಿರೋ ಕೆಲಸವೇ ಇದು. ಯಾಕೆ ಅನ್ನೋದನ್ನ ಸ್ವಲ್ಪ ಬಿಡಿಸಿ ನೋಡೋಣ.

ಗುಟ್ಟು ಮೊದಲೇ ರಟ್ಟು

ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್ ಸೃಷ್ಟಿಸಿದ ಈ ಪಾತ್ರದಲ್ಲಿ ಪೀಟರ್ ಫಾಕ್ 1968ರಿಂದ 2003ರವರೆಗೆ 69 ಕಂತುಗಳಲ್ಲಿ ಕಾಣಿಸಿಕೊಂಡರು. ಸಾಮಾನ್ಯ ಪತ್ತೇದಾರಿ ಕಥೆಯಲ್ಲಿ ಕೊಲೆ ಮಾಡಿದ್ದು ಯಾರು ಅನ್ನೋದು ಕೊನೆಗೆ ಗೊತ್ತಾಗುತ್ತೆ. ಇಲ್ಲಿ ಉಲ್ಟಾ. ಬಹುತೇಕ ಕಂತುಗಳಲ್ಲಿ ಕೊಲೆ ನಮ್ಮ ಕಣ್ಣೆದುರೇ ಆಗಿಹೋಗುತ್ತೆ. ಉಳಿಯೋ ಪ್ರಶ್ನೆ, ಕೊಲಂಬೊ ಇವನನ್ನು ಹಿಡಿಯೋದು ಹೇಗೆ ಅನ್ನೋದಷ್ಟೇ.

ಇದರ ಪರಿಣಾಮ ಏನು ಗೊತ್ತಾ? ನೋಡುವವರ ಕಣ್ಣಿಗೆ ಬಿಡುವು ಸಿಗುತ್ತೆ. ಯಾರ ಮೇಲೂ ಅನುಮಾನ ಪಡುವ ಕೆಲಸ ಇಲ್ಲ. ಹಾಗಾಗಿ ಕಣ್ಣು ಮೆಲ್ಲಗೆ ಮೂಲೆಗಳಿಗೆ ಹೋಗುತ್ತೆ. ಮೂಲೆಗಳಲ್ಲಿ ಜನ ಇದ್ದಾರೆ.

ಮರಳಿ ಬರೋದರಲ್ಲಿ ಮೂರು ಬಗೆ

ಮೊದಲನೆಯದು, ಪಾತ್ರವೇ ಮರಳಿ ಬರೋದು. ಬ್ರೂಸ್ ಕರ್ಬಿ ಅನ್ನೋ ನಟ ಸಾರ್ಜೆಂಟ್ ಕ್ರೇಮರ್ ಆಗಿ ಹಲವು ಸಲ ಕೊಲಂಬೊನ ಜೊತೆ ಬರ್ತಾರೆ. ಅದೇ ಕರ್ಬಿ 1978ರ ಒಂದು ಕಂತಿನಲ್ಲಿ ಟೀವಿ ರಿಪೇರಿ ಮಾಡೋನಾಗಿ ಕಾಣಿಸಿಕೊಂಡಾಗ ನಮಗೆ ತಲೆ ಗಿರ್ ಅನ್ನುತ್ತೆ.

ಎರಡನೆಯದು, ಪಾತ್ರ ಬೇರೆ, ಮುಖ ಒಂದೇ. ಇದರ ರಾಜ ವಿಟೊ ಸ್ಕಾಟಿ. ಆರು ಕಂತುಗಳಲ್ಲಿ ಆರು ಬೇರೆ ಬೇರೆ ಮನುಷ್ಯರು: ಒಮ್ಮೆ ದುಬಾರಿ ಹೋಟೆಲಿನ ಮುಖ್ಯ ಪರಿಚಾರಕ, ಒಮ್ಮೆ ದರ್ಜಿ, ಒಮ್ಮೆ ಅಂತ್ಯಸಂಸ್ಕಾರದ ವ್ಯಾಪಾರಿ. 1974ರ ‘ನೆಗೆಟಿವ್ ರಿಯಾಕ್ಷನ್’ ಕಂತಿನಲ್ಲಿ ಮನೆಮಠ ಇಲ್ಲದ ಕುಡುಕ ಸಾಕ್ಷಿ. ಆ ಕಂತಿನಲ್ಲೇ ಒಬ್ಬ ನನ್ ಕೊಲಂಬೊನ ಕೋಟು ನೋಡಿ, ಪಾಪ ನಿರ್ಗತಿಕ ಅಂದುಕೊಂಡು ಊಟಕ್ಕೆ ಕೂರಿಸ್ತಾರೆ. ಆ ಪಾತ್ರ ಮಾಡಿದ ಜಾಯ್ಸ್ ವ್ಯಾನ್ ಪ್ಯಾಟನ್ ಎರಡು ವರ್ಷದ ನಂತರ ಮತ್ತೊಂದು ಕಂತಿಗೆ ಕೊಲೆಗಾರ್ತಿಯಾಗಿ ಬಂದರು! ಇಂಥದ್ದು ಸಿಕ್ಕಿದ ದಿನ ಅಭಿಮಾನಿಗೆ ಹಬ್ಬ.

ಮೂರನೆಯದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು. ಹೆಸರೂ ಇಲ್ಲದ, ಸಾಲೂ ಇಲ್ಲದ ಮುಖಗಳು. ಅವರಲ್ಲಿ ಒಬ್ಬರು ಮೈಕ್ ಲ್ಯಾಲಿ. 1930ರ ದಶಕದಿಂದಲೇ ಹಾಲಿವುಡ್‌ನಲ್ಲಿ ಗುಂಪಿನಲ್ಲಿ ಒಬ್ಬರಾಗಿ ದುಡಿದವರು. ‘ಕೊಲಂಬೊ’ದಲ್ಲಿ ಇವರು ಬಾರ್ ಕೌಂಟರಿನ ಹಿಂದೆ, ಪಾರ್ಟಿಯ ಅಂಚಿನಲ್ಲಿ, ಪ್ರೇಕ್ಷಕರ ಸಾಲಿನಲ್ಲಿ ಮತ್ತೆ ಮತ್ತೆ ಕಾಣ್ತಾರೆ. ಬಹುಪಾಲು ಕಂತುಗಳಲ್ಲಿ ಕೊನೆಯ ಪಟ್ಟಿಯಲ್ಲಿ ಇವರ ಹೆಸರೇ ಇಲ್ಲ. ಕಂತಿನಿಂದ ಕಂತಿಗೆ ಇವರನ್ನು ಗುರುತಿಸಿ ಲೆಕ್ಕ ಇಟ್ಟವರು ನೋಡುಗರು.

ಯಾಕೆ ಅದದೇ ಮುಖ?

ಉತ್ತರ ಸರಳ. ಸರಣಿ ಶುರುವಾದ 1971ರಲ್ಲಿ ಟೀವಿ ಕಂತು ಅಂದ್ರೆ ಒಮ್ಮೆ ಬಂದು ಹೋಗೋದು, ಹೆಚ್ಚೆಂದರೆ ಮರುಪ್ರಸಾರ. ವಿಎಚ್‌ಎಸ್ ಅಮೆರಿಕದ ಮನೆಗಳಿಗೆ ಬಂದದ್ದೇ 1977ರಲ್ಲಿ. ಹೋದ ತಿಂಗಳು ಮಾಣಿಯಾಗಿದ್ದವನೇ ಈ ತಿಂಗಳು ಕಾವಲುಗಾರ ಆದ್ರೆ ಯಾರು ನೋಡ್ತಾರೆ ಅನ್ನೋ ಧೈರ್ಯ. ಜೊತೆಗೆ ಶೂಟಿಂಗ್ ವೇಗ. ಹೇಳಿದ ಟೈಮಿಗೆ ಬಂದು, ಹೇಳಿದ ಜಾಗದಲ್ಲಿ ನಿಂತು, ಕ್ಯಾಮೆರಾ ಕಡೆ ನೋಡದವರು ಸಿಕ್ಕರೆ ಮತ್ತೆ ಮತ್ತೆ ಕರೀತಾರೆ. ಅಂದ್ರೆ ನಮಗೆ ‘ಎಡವಟ್ಟು’ ಅಂತ ಕಾಣೋದು ನಿಜದಲ್ಲಿ ಒಬ್ಬ ಕಾರ್ಮಿಕನ ಹಾಜರಿ ಪುಸ್ತಕ.

ಇಲ್ಲಿ ಇನ್ನೊಂದು ವಿಷಯ. ಕೊಲಂಬೊನ ಕೊಲೆಗಾರರು ಯಾರು? ಸರ್ಜನ್, ಆರ್ಕೆಸ್ಟ್ರಾ ನಿರ್ದೇಶಕ, ವೈನ್ ತಯಾರಿಕೆಯ ಯಜಮಾನ, ಚುನಾವಣೆಗೆ ನಿಂತ ಅಭ್ಯರ್ಥಿ. ಹೆಚ್ಚಿನವರು ದೊಡ್ಡ ಮನೆಯವರು. ಅವರಿಗೆ ಮಾಣಿ, ಡ್ರೈವರ್, ಕೆಲಸದಾಕೆ ಕಾಣೋದೇ ಇಲ್ಲ. ಕೊಲಂಬೊಗೆ ಕಾಣ್ತಾರೆ. ಅವರ ಜೊತೆ ಹರಟೆ ಹೊಡೀತಾನೆ, ಅವರು ಹೇಳಿದ್ದನ್ನ ಪುಟ್ಟ ನೋಟ್‌ಬುಕ್ಕಲ್ಲಿ ಬರ್ಕೋತಾನೆ. ಹಿಂದೆ ನಿಂತವರನ್ನು ಹುಡುಕೋ ಅಭಿಮಾನಿಯೂ ಮಾಡೋದು ಅದನ್ನೇ. ಕಥೆ ಯಾರನ್ನು ನೋಡು ಅನ್ನುತ್ತೋ ಅವರನ್ನು ಬಿಟ್ಟು, ನೋಡಬೇಡ ಅನ್ನೋರನ್ನು ನೋಡ್ತಾನೆ.

ನಾಳೆ ಯಾರನ್ನು ಗುರುತಿಸೋದು?

ಇದನ್ನ ಬರೀ ನಾಸ್ಟಾಲ್ಜಿಯಾ ಅಂತ ಬಿಟ್ಟುಬಿಡಬಹುದಿತ್ತು. ಆದ್ರೆ 2023ರ ಜುಲೈನಿಂದ ನವೆಂಬರ್‌ವರೆಗೆ ಹಾಲಿವುಡ್ ನಟರು 118 ದಿನ ಮುಷ್ಕರ ಮಾಡಿದಾಗ, ಹೋರಾಟದ ಒಂದು ಕೇಂದ್ರ ಈ ಹಿನ್ನೆಲೆ ನಟರೇ ಆಗಿದ್ದರು. ಒಂದು ದಿನದ ಕೂಲಿ ಕೊಟ್ಟು ಇವರ ಮುಖ, ಮೈ ಸ್ಕ್ಯಾನ್ ಮಾಡಿಕೊಂಡು ಮುಂದೆ ಬೇಕಾದಾಗ ಬಳಸೋಕೆ ಸ್ಟುಡಿಯೋಗಳು ಹೊರಟಿವೆ ಅಂತ ಸಂಘ ಆರೋಪಿಸಿತು. ಸ್ಟುಡಿಯೋಗಳ ಒಕ್ಕೂಟ ಅದನ್ನು ಅಲ್ಲಗಳೆಯಿತು. ಕೊನೆಗೆ ಡಿಜಿಟಲ್ ಪ್ರತಿರೂಪ ಬಳಸಬೇಕಾದ್ರೆ ಒಪ್ಪಿಗೆ ಬೇಕು, ಹಣ ಕೊಡಬೇಕು ಅನ್ನೋ ನಿಯಮ ಒಪ್ಪಂದಕ್ಕೆ ಸೇರಿತು.

ಮೈಕ್ ಲ್ಯಾಲಿಯನ್ನು ನಾವು ಗುರುತಿಸೋಕೆ ಆಗೋದು, ಆ ಬೆಳಿಗ್ಗೆ ಅವರು ಎದ್ದು, ಶರ್ಟು ಇಸ್ತ್ರಿ ಮಾಡಿಕೊಂಡು ಸೆಟ್ಟಿಗೆ ಹೋಗಿದ್ದರಿಂದ. ವರ್ಷದಿಂದ ವರ್ಷಕ್ಕೆ ಅವರಿಗೆ ವಯಸ್ಸಾಗೋದು ಕಾಣುತ್ತೆ. ಕಂಪ್ಯೂಟರ್ ಹುಟ್ಟಿಸಿದ ಗುಂಪಿನಲ್ಲಿ ಯಾರಿಗೂ ವಯಸ್ಸಾಗಲ್ಲ, ಯಾರಿಗೂ ಆ ದಿನದ ಸಂಬಳ ಇಲ್ಲ.

ಡಿಗ್ರಿ ಓದುವಾಗ ನಾನು ಭಾನುವಾರ ಕೇಟರಿಂಗ್‌ಗೆ ಹೋಗ್ತಿದ್ದೆ. ಮದುವೆ ಛತ್ರಗಳಲ್ಲಿ ಬಡಿಸೋದು. ನಮ್ಮ ಕ್ಲಾಸಿನ ಹುಡುಗನೊಬ್ಬ ಎಲೆ ಮುಂದೆ ಕೂತು, ನನ್ನ ಕೈಯಿಂದ ಸಾರು ಹಾಕಿಸಿಕೊಂಡು, ಒಮ್ಮೆಯೂ ತಲೆ ಎತ್ತಲಿಲ್ಲ. ಬೇಕಂತ ಮಾಡಿದ್ದಲ್ಲ. ಅವನಿಗೆ ಕಂಡದ್ದು ಸೌಟು ಮಾತ್ರ. ಇನ್ನೊಂದು ಮದುವೆಯಲ್ಲಿ ಒಬ್ಬ ಅಜ್ಜಿ ಕನ್ನಡಕ ಸರಿಮಾಡಿಕೊಂಡು, “ಹೋದ ತಿಂಗಳು ನಮ್ಮ ನಾದಿನಿ ಮಗಳ ಮದುವೇಲೂ ನೀನೇ ಬಡಿಸಿದ್ದಲ್ವೇನಪ್ಪಾ? ಊಟ ಆಯ್ತಾ?” ಅಂದಳು. ಆವತ್ತು ಸಿಕ್ಕ ಕೂಲಿ ಎಷ್ಟು ಅಂತ ನೆನಪಿಲ್ಲ. ಆ ಪ್ರಶ್ನೆ ನೆನಪಿದೆ.

ಅದಕ್ಕೇ ಹೇಳ್ತಿದ್ದೀನಿ, ಮುಂದಿನ ಸಲ ಏನಾದ್ರೂ ನೋಡುವಾಗ ಒಂದು ದೃಶ್ಯ ಪಾಸ್ ಮಾಡಿ, ಹೀರೋನ ಹಿಂದೆ ನಿಂತವರನ್ನು ನೋಡಿ. ಆಮೇಲೆ ಮೊಬೈಲ್ ಕೆಳಗಿಟ್ಟು, ನಿಮ್ಮ ಮೆಸ್ಸಿನಲ್ಲಿ ಟೇಬಲ್ ಒರೆಸೋರ ಹೆಸರೇನು ಅಂತ ಕೇಳಿ.