ಐವತ್ತನೆಯ ಉಗಿಯಂತ್ರ

ಕಲ್ಲಿದ್ದಲ ಹೊಗೆಯನ್ನು ಕಾರುತ್ತ, ಸಿಳ್ಳು ಹಾಕುತ್ತ ನಿಲ್ದಾಣವನ್ನು ಹೊಗುವ ಇಂಜಿನನ್ನು ಇಂದಿನ ವಿದ್ಯಾರ್ಥಿನಿಯರು ಚಿತ್ರಗಳಲ್ಲಿ ಕಂಡಿರಬಹುದೇ ಹೊರತು ಪ್ರತ್ಯಕ್ಷವಾಗಿ ಕಂಡವರು ವಿರಳ. ನಮ್ಮ ದೇಶದಲ್ಲಿ ಚಿತ್ತರಂಜನ್ ಕಾರ್ಖಾನೆಯು ತನ್ನ ಕಡೆಯ ಉಗಿಯಂತ್ರವನ್ನು 1972ರಲ್ಲಿ ಹೊರತಂದಿತು. ಉಗಿಬಂಡಿಯ ತವರಾದ ಇಂಗ್ಲೆಂಡಿನಲ್ಲಿ ಅಲ್ಲಿನ ಸರ್ಕಾರೀ ರೈಲ್ವೆಯು 1960ರಲ್ಲಿಯೇ ಇವುಗಳ ನಿರ್ಮಾಣವನ್ನು ನಿಲ್ಲಿಸಿತು. 1968ರ ಆಗಸ್ಟಿನಲ್ಲಿ ಪ್ರಧಾನ ಮಾರ್ಗಗಳ ಮೇಲೆ ಅವುಗಳ ನಿತ್ಯಸಂಚಾರವೂ ಮುಗಿಯಿತು. ಹೀಗಿರಲು, ಅದೇ ದೇಶದ ಡಾರ್ಲಿಂಗ್‌ಟನ್ ಪಟ್ಟಣದಲ್ಲಿ 2008ರಲ್ಲಿ ಹೊಚ್ಚಹೊಸ ಉಗಿಯಂತ್ರವೊಂದು ಸಿದ್ಧವಾಗಿ, ವಿದ್ಯುತ್ ರೈಲುಗಳು ಓಡುವ ಹಳಿಗಳ ಮೇಲೆಯೇ ಓಡತೊಡಗಿತೆಂದರೆ ಆಶ್ಚರ್ಯವಲ್ಲವೇ? ಅದರ ಹೆಸರು ಟಾರ್ನೇಡೊ, ಎಂದರೆ ಸುಂಟರಗಾಳಿ.

ಅದರ ಕಥೆಯು ಆರ್ಥರ್ ಪೆಪ್ಪರ್‌ಕಾರ್ನ್ ಎಂಬ ಯಂತ್ರಶಿಲ್ಪಿಯಿಂದ ಮೊದಲಾಗುತ್ತದೆ. ಲಂಡನಿನಿಂದ ಉತ್ತರಕ್ಕೆ ಹೋಗುವ ಭಾರವಾದ ರೈಲುಗಳಿಗಾಗಿ ಆತನು ಎ-1 ಎಂಬ ವರ್ಗದ ಯಂತ್ರವನ್ನು ರಚಿಸಿದನು. 1948 ಮತ್ತು 1949ರಲ್ಲಿ ಡಾಂಕಾಸ್ಟರ್ ಹಾಗೂ ಡಾರ್ಲಿಂಗ್‌ಟನ್ ಕಾರ್ಖಾನೆಗಳಿಂದ ಇಂತಹ 49 ಯಂತ್ರಗಳು ಹೊರಬಂದವು. ಡೀಸೆಲ್ ಇಂಜಿನುಗಳು ಬಂದ ಮೇಲೆ ಇವನ್ನು ಒಂದೊಂದಾಗಿ ಒಡೆದು ಹಳೆಯ ಕಬ್ಬಿಣಕ್ಕೆ ಮಾರಿದರು. ಇನ್ನೂ ಇಪ್ಪತ್ತು ವರ್ಷವೂ ತುಂಬದ ಆ ಯಂತ್ರಗಳಲ್ಲಿ 1966ರ ಬಳಿಕ ಒಂದಾದರೂ ಉಳಿಯಲಿಲ್ಲ.

ಒಂದೂ ಉಳಿಯಲಿಲ್ಲವಾದರೆ ಹೊಸದನ್ನೇ ಏಕೆ ಮಾಡಬಾರದು? 1990ರಲ್ಲಿ ಕೆಲವರು ಈ ಪ್ರಶ್ನೆಯನ್ನು ಕೇಳಿ, ಒಂದು ಧರ್ಮಸಂಸ್ಥೆಯನ್ನು ಕಟ್ಟಿಕೊಂಡರು. ಅವರ ಹಿಂದೆ ಸರ್ಕಾರದ ಬೊಕ್ಕಸವಿರಲಿಲ್ಲ. ವಾರಕ್ಕೆ ಒಂದು ಲೋಟ ಬೀರಿನ ಬೆಲೆಯನ್ನು ಕೊಡಿರೆಂದು ಅವರು ಜನರನ್ನು ಬೇಡಿದರು. ಇದು ನಮ್ಮ ಶಾಲೆಯ ಪುಟಗಳಿಗೆ ಅಷ್ಟಾಗಿ ಒಪ್ಪುವ ಅಳತೆಗೋಲಲ್ಲವೆಂಬುದನ್ನು ಬಲ್ಲೆ. ಆದರೆ ಅವರು ಹೇಳಿದ್ದು ಹಾಗೆಯೇ. ಹೀಗೆ ಹನಿಹನಿಯಾಗಿ ಕೂಡಿದ ಹಣಕ್ಕೆ ಉದ್ಯಮಗಳ ನೆರವೂ ಸೇರಿ, ಹದಿನೆಂಟು ವರ್ಷಗಳಲ್ಲಿ ಸುಮಾರು 30 ಲಕ್ಷ ಪೌಂಡು ವೆಚ್ಚವಾಯಿತು. ಹಳೆಯ ನಕ್ಷೆಗಳು ಯಾರ್ಕ್ ನಗರದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ದೊರೆತವು. 1994ರಲ್ಲಿ ಚೌಕಟ್ಟಿನ ಉಕ್ಕಿನ ಹಲಗೆಗಳನ್ನು ಕತ್ತರಿಸಿದರು. ಜೋಡಣೆಯ ಕೆಲಸವು ಬಹುಮಟ್ಟಿಗೆ ನಡೆದದ್ದು ಡಾರ್ಲಿಂಗ್‌ಟನ್ನಿನಲ್ಲಿ, 1853ರಲ್ಲಿ ರೈಲುಗಾಡಿಗಳ ನಿರ್ಮಾಣಕ್ಕೆಂದು ಕಟ್ಟಿದ್ದ ಒಂದು ಹಳೆಯ ಕಟ್ಟಡದಲ್ಲಿ.

ಎಲ್ಲಕ್ಕಿಂತ ಕಠಿನವಾದದ್ದು ಬಾಯ್ಲರು. ಅದರ ಕೆಲಸವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯ. ಬಾಯ್ಲರಿನ ಹಿಂಭಾಗದಲ್ಲಿ ಬೆಂಕಿಗೂಡಿರುವುದು. ಅಲ್ಲಿಂದ ಹೊರಟ ಕಾದ ಗಾಳಿಯು ನೀರಿನ ನಡುವೆ ಹಾಯುವ ಅನೇಕ ಕೊಳವೆಗಳ ಮೂಲಕ ಮುಂದಕ್ಕೆ ಹರಿದು ಹೊಗೆಗೊಳವೆಯನ್ನು ಸೇರುವುದು. ನೀರು ಕುದಿದು ಹುಟ್ಟಿದ ಉಗಿಯು ಎಡೆಯಿಲ್ಲದ ಪಾತ್ರೆಯಲ್ಲಿ ಸೆರೆಯಾಗಿ, ಪ್ರತಿ ಚದರ ಅಂಗುಲದ ಮೇಲೆ 250 ಪೌಂಡು ಒತ್ತಡವನ್ನು ಹಾಕುವುದು. ಅಕ್ಕಿ ಬೇಯುವಾಗ ಮಡಕೆಯ ಮುಚ್ಚಳವನ್ನು ಕುಣಿಸುವುದೂ ಇದೇ ಉಗಿ. ಇಲ್ಲಿ ಅದು ಮೂರು ಸಿಲಿಂಡರುಗಳನ್ನು ಹೊಕ್ಕು ಪಿಸ್ಟನುಗಳನ್ನು ತಳ್ಳುವುದು. ಅವು 6 ಅಡಿ 8 ಅಂಗುಲ ಎತ್ತರದ ಚಕ್ರಗಳನ್ನು ತಿರುಗಿಸುವುವು. ದುಡಿದು ದಣಿದ ಉಗಿಯೂ ವ್ಯರ್ಥವಾಗುವುದಿಲ್ಲ. ಅದು ಹೊಗೆಗೊಳವೆಯ ಮೂಲಕ ರಭಸದಿಂದ ಮೇಲಕ್ಕೆ ಚಿಮ್ಮುವಾಗ ತನ್ನೊಡನೆ ಹೊಗೆಯನ್ನೂ ಎಳೆದುಕೊಂಡು ಹೋಗುವುದರಿಂದ ಬೆಂಕಿಗೆ ಹೊಸ ಗಾಳಿಯು ನುಗ್ಗುವುದು. ಆದುದರಿಂದ ಯಂತ್ರವು ಹೆಚ್ಚು ದುಡಿದಷ್ಟೂ ಬೆಂಕಿಯು ಹೆಚ್ಚು ಉರಿಯುವುದು. ನಾವು ಚುಕುಬುಕು ಎನ್ನುವ ಸದ್ದು ಈ ಉಸಿರಾಟದ್ದೇ. ಉಗಿಯಂತ್ರದಲ್ಲಿ ಇದಕ್ಕಿಂತ ಸೊಗಸಾದ ಯುಕ್ತಿಯು ಮತ್ತೊಂದಿಲ್ಲವೆಂದು ನನ್ನ ಅಭಿಪ್ರಾಯ.

ಇಂತಹ ದೊಡ್ಡ ಬಾಯ್ಲರನ್ನು ಮಾಡಿಸಲು ಅವರು ಜರ್ಮನಿಯ ಮೈನಿಂಗೆನ್ ಪಟ್ಟಣದ ಕಾರ್ಖಾನೆಗೆ ಹೋಗಬೇಕಾಯಿತು. ಹಳೆಯ ಬಾಯ್ಲರುಗಳನ್ನು ರಿವೆಟ್ಟು ಹೊಡೆದು ಕೂಡಿಸುತ್ತಿದ್ದರು, ಬೆಂಕಿಗೂಡು ತಾಮ್ರದ್ದಾಗಿತ್ತು. ಹೊಸದು ಪೂರ್ತಿಯಾಗಿ ಉಕ್ಕಿನದು, ಬೆಸುಗೆ ಹಾಕಿ ಮಾಡಿದ್ದು. 2006ರಲ್ಲಿ ಅದು ಬಂದು ಸೇರಿತು. 2008ರಲ್ಲಿ ಅದರಲ್ಲಿ ಮೊದಲ ಬೆಂಕಿಯನ್ನು ಹೊತ್ತಿಸಿದವರು ಡೊರೊಥಿ ಮ್ಯಾಥರ್ ಎಂಬ ವೃದ್ಧ ಮಹಿಳೆ. ಅವರು ಬೇರಾರೂ ಅಲ್ಲ, ಹಿಂದೆಯೇ ಗತಿಸಿದ್ದ ಪೆಪ್ಪರ್‌ಕಾರ್ನನ ಪತ್ನಿ. ಗಂಡನು ರಚಿಸಿದ ಯಂತ್ರಗಳೆಲ್ಲ ನಾಶವಾಗಿ ನಾಲ್ಕು ದಶಕಗಳಾದ ಮೇಲೆ ಆ ಕೈಗಳು ಅದೇ ಬಗೆಯ ಯಂತ್ರಕ್ಕೆ ಬೆಂಕಿಯನ್ನಿಟ್ಟವು. ಹಳೆಯ ಯಂತ್ರಗಳಲ್ಲಿ ಕಡೆಯದರ ಸಂಖ್ಯೆ 60162 ಆಗಿದ್ದಿತು. ಹೊಸದಕ್ಕೆ 60163 ಎಂದು ಕೊಟ್ಟರು. ಇದು ಪ್ರತಿಕೃತಿಯಲ್ಲ, ತಡವಾಗಿ ಹುಟ್ಟಿದ ಐವತ್ತನೆಯ ಸೋದರಿಯೆಂಬುದೇ ಅವರ ವಾದ.

ಯಂತ್ರವು ಸಿದ್ಧವಾದ ಮಾತ್ರಕ್ಕೆ ಪ್ರಧಾನ ಮಾರ್ಗದ ಬಾಗಿಲು ತೆರೆಯಲಿಲ್ಲ. ಹಿಂದೆಯೂ ಮುಂದೆಯೂ ಗಂಟೆಗೆ 125 ಮೈಲಿ ಓಡುವ ರೈಲುಗಳಿರುವ ಹಳಿಯ ಮೇಲೆ ಪ್ರಾಚೀನತೆಗೆ ರಿಯಾಯಿತಿಯಿಲ್ಲ. ಸೂಚಕದೀಪವನ್ನು ಡ್ರೈವರು ಗಮನಿಸದಿದ್ದರೆ ತಾನಾಗಿಯೇ ಬ್ರೇಕು ಹಾಕುವ ಉಪಕರಣ, ನಡೆಯನ್ನೆಲ್ಲ ದಾಖಲಿಸುವ ಯಂತ್ರ, ರೇಡಿಯೋ, ಗಾಳಿಬ್ರೇಕು ಇವೆಲ್ಲವನ್ನೂ ಮಸಿಯೂ ಕಾವೂ ತುಂಬಿದ ಆ ಗೂಡಿನಲ್ಲಿ ಅಡಗಿಸಬೇಕಾಯಿತು. ವಿದ್ಯುತ್ ತಂತಿಗಳ ಕೆಳಗೆ ಹಾಯಬೇಕಾದುದರಿಂದ ಯಂತ್ರದ ಎತ್ತರವನ್ನು ಒಂದು ಅಂಗುಲದಷ್ಟು ತಗ್ಗಿಸಿದರು. ನೀರಿನ ಪಾಡೂ ಹೀಗೆಯೇ. ಹಿಂದೆ ಹಳಿಗಳ ನಡುವೆ ಉದ್ದನೆಯ ತೊಟ್ಟಿಗಳಿದ್ದು, ಓಡುತ್ತಲೇ ನೀರನ್ನು ಮೊಗೆದುಕೊಳ್ಳುತ್ತಿದ್ದರು. ಈಗ ಆ ತೊಟ್ಟಿಗಳಿಲ್ಲ. ಆದ್ದರಿಂದ ಕಲ್ಲಿದ್ದಲ ಜಾಗವನ್ನು ಕಡಿಮೆ ಮಾಡಿ 6,200 ಗ್ಯಾಲನ್ ನೀರು ಹಿಡಿಯುವಂತೆ ಮಾಡಿದರು. ಆದರೂ ಸುಮಾರು ನೂರು ಮೈಲಿಗೊಮ್ಮೆ ನಿಂತು ನೀರು ಕುಡಿಯದೆ ವಿಧಿಯಿಲ್ಲ.

2009ರ ಜನವರಿ 31ರಂದು ಅದು ಯಾರ್ಕಿನಿಂದ ನ್ಯೂಕಾಸಲ್‌ಗೆ ಮೊದಲ ಸಲ ಪ್ರಯಾಣಿಕರನ್ನು ಕರೆದೊಯ್ದಿತು. ಆ ವರ್ಷದ ಡಿಸೆಂಬರಿನಲ್ಲಿ ನಡೆದುದು ಇನ್ನೂ ಸ್ವಾರಸ್ಯವಾದುದು. ಇಂಗ್ಲೆಂಡಿನ ಆಗ್ನೇಯ ಭಾಗದಲ್ಲಿ ವಿದ್ಯುತ್ ರೈಲುಗಳು ಪಕ್ಕದಲ್ಲಿ ಹಾಕಿದ ಮೂರನೆಯ ಹಳಿಯಿಂದ ವಿದ್ಯುತ್ತನ್ನು ಪಡೆಯುವುವು. ವಿಪರೀತ ಚಳಿಯಿಂದ ಆ ವ್ಯವಸ್ಥೆಯು ಕೆಟ್ಟು, ಲಂಡನಿನ ವಿಕ್ಟೋರಿಯಾ ನಿಲ್ದಾಣದಲ್ಲಿ ಜನರು ಮನೆಗೆ ಹೋಗಲಾರದೆ ನಿಂತಿದ್ದರು. ವಿಹಾರದ ಗಾಡಿಯನ್ನು ಎಳೆಯಲು ಬಂದಿದ್ದ ಟಾರ್ನೇಡೊಗೆ ಅಂತಹ ಹಳಿಯ ಹಂಗಿರಲಿಲ್ಲ. ಸುಮಾರು ನೂರು ಮಂದಿಗೆ ಅದರಲ್ಲಿ ಹಣವಿಲ್ಲದೆ ಸ್ಥಳ ದೊರೆಯಿತು.

ಹೀಗೆಂದು ಎಲ್ಲವೂ ಸುಗಮವಾಯಿತೆಂದು ತಿಳಿಯಬಾರದು. 2011ರಲ್ಲಿ ಬಾಯ್ಲರಿನಲ್ಲಿ ದೋಷಗಳು ಕಂಡು, ಅದು ಮತ್ತೆ ಜರ್ಮನಿಗೆ ಹೋಗಿ ಬರಬೇಕಾಯಿತು. 2017ರ ಏಪ್ರಿಲ್ 12ರ ರಾತ್ರಿ, ಪರೀಕ್ಷೆಗಾಗಿ ಓಡಿಸಿದಾಗ, ಅದು ಗಂಟೆಗೆ 100 ಮೈಲಿಯ ವೇಗವನ್ನು ಮುಟ್ಟಿತು. ಲೆಕ್ಕ ಹಾಕಿ ನೋಡಿದರೆ, ಆ ವೇಗದಲ್ಲಿ ಚಕ್ರಗಳು ಒಂದು ಸೆಕೆಂಡಿಗೆ ಏಳು ಸಲ ಸುತ್ತುವುವು. ಪ್ರತಿಯೊಂದು ಪಿಸ್ಟನ್ನೂ 26 ಅಂಗುಲದ ದಾರಿಯನ್ನು ಅಷ್ಟರಲ್ಲಿ ಏಳು ಸಲ ಹೋಗಿ ಬರಬೇಕು. ಒಂದು ಸಣ್ಣ ಸಲಾಕೆಯು ಸೋತರೂ ಗತಿಯೇನು? ಮರುವರ್ಷ, 2018ರ ಏಪ್ರಿಲ್ 14ರಂದು, ಪ್ರಯಾಣಿಕರನ್ನು ಹೊತ್ತು ಲಂಡನಿನಿಂದ ಯಾರ್ಕಿಗೆ ಹೋಗುತ್ತಿದ್ದಾಗ, ಸ್ಯಾಂಡಿ ಎಂಬ ಊರಿನ ಬಳಿ, ನಡುವಣ ಸಿಲಿಂಡರಿಗೆ ಉಗಿಯನ್ನು ಬಿಡುವ ಕವಾಟದ ಭಾಗಗಳು ಮುರಿದುವು. ಆ ಕಾರ್ಯನಿರತ ರೈಲುಮಾರ್ಗದಲ್ಲಿ ಬಂಡಿಯು ನಿಂತುಹೋಯಿತು. ಹಲವು ತಿಂಗಳ ದುರಸ್ತಿಯಾದ ಮೇಲೆಯೇ ಅದು ಮರಳಿ ಹಳಿಗೇರಿದ್ದು. ಅಷ್ಟು ಜನರ ಕಾಸಿನಿಂದ ಕಟ್ಟಿದುದನ್ನು ವೇಗದ ಕೀರ್ತಿಗಾಗಿ ಪಣಕ್ಕಿಡುವುದು ಯುಕ್ತವೇ ಎಂದು ನನಗೆ ಸಂದೇಹವಿದೆ. ಆದರೆ ಮೆಲ್ಲಗೆ ಓಡುವ ಬಂಡಿಗೆ ಅವಸರದ ಹಳಿಗಳ ಮೇಲೆ ಎಡೆ ದೊರೆಯುವುದು ಕಷ್ಟವೆಂಬುದೂ ನಿಜ.

ಈಗ ಮತ್ತೊಂದು ಪರೀಕ್ಷೆಯು ಎದುರಾಗಿದೆ. ಇಂಗ್ಲೆಂಡಿನ ಪೂರ್ವ ಮಾರ್ಗದಲ್ಲಿ ಹಳಿಯ ಪಕ್ಕದ ದೀಪಗಳನ್ನು ತೆಗೆದು, ಹೋಗು, ನಿಲ್ಲು ಎಂಬ ಆಜ್ಞೆಗಳನ್ನು ರೇಡಿಯೋ ಮೂಲಕ ಇಂಜಿನಿನೊಳಗಿನ ಪರದೆಗೇ ಕಳುಹಿಸುವ ಹೊಸ ಪದ್ಧತಿಯನ್ನು ತರುತ್ತಿರುವರು. ಇದಕ್ಕೆ ಗಣಕಯಂತ್ರವು ಬೇಕು. ಅದಿಲ್ಲದ ಬಂಡಿಗೆ ಅಲ್ಲಿ ಪ್ರವೇಶವಿಲ್ಲ. ಉಗಿಯಂತ್ರವೊಂದಕ್ಕೆ ಈ ಉಪಕರಣವನ್ನು ಅಳವಡಿಸುವ ಮೊದಲ ಪ್ರಯತ್ನಕ್ಕೆ ಟಾರ್ನೇಡೊವನ್ನೇ ಆರಿಸಿಕೊಂಡರು. ಇಂತಹ ಉಪಕರಣಗಳಿಗೆ ವಿದ್ಯುತ್ತು ಎಲ್ಲಿಂದ ಬರಬೇಕು? ಅದನ್ನು ಒದಗಿಸಲು ಇಂಜಿನಿನ ಮೇಲೆಯೇ ಪುಟ್ಟದೊಂದು ಉತ್ಪಾದಕವಿದೆ, ಮತ್ತು ಅದನ್ನು ತಿರುಗಿಸುವುದೂ ಬಾಯ್ಲರಿನ ಉಗಿಯೇ.