ಎರಡು ಪಟ್ಟಿಗಳ ವ್ಯತ್ಯಾಸ ಹುಡುಕಲು ಒಂದೇ ಸಾಲಿನ ಆದೇಶ

ಶಿವಮೊಗ್ಗ: ಸಹಕಾರ ಸಂಘವೊಂದರ ಪ್ರಧಾನ ಕಚೇರಿ ಶಿವಮೊಗ್ಗದಲ್ಲಿ, ಶಾಖೆ ಭದ್ರಾವತಿಯಲ್ಲಿ ಇದೆ ಎಂದಿಟ್ಟುಕೊಳ್ಳೋಣ. ಸದಸ್ಯರ ಪಟ್ಟಿ ಎರಡೂ ಕಡೆಯ ಕಂಪ್ಯೂಟರುಗಳಲ್ಲಿದೆ. ಸದಸ್ಯರೊಬ್ಬರು ಶಾಖೆಗೆ ಬಂದು ಠೇವಣಿಯ ನಾಮಿನಿ ಬದಲಿಸಿದ್ದಾರೆ. ಪ್ರಧಾನ ಕಚೇರಿಯ ಪಟ್ಟಿಯಲ್ಲಿ ಹಳೆಯ ಹೆಸರೇ ಉಳಿದಿದೆ. ಇದು ಗಮನಕ್ಕೆ ಬಾರದಿದ್ದರೆ ಮುಂದೊಂದು ದಿನ ಹಣ ಬೇರೆಯವರ ಕೈ ಸೇರಬಹುದು. ಸಾವಿರಾರು ಸಾಲುಗಳಲ್ಲಿ ಇಂತಹ ಒಂದು ಹೆಸರನ್ನು ಕಣ್ಣಳತೆಯಲ್ಲಿ ಹುಡುಕುವುದು ದುಸ್ಸಾಧ್ಯ.

ಈ ಕೆಲಸಕ್ಕೆ ಡೇಟಾಬೇಸ್ ಹೋಲಿಕೆ ಸಾಧನಗಳಿವೆ. ಮಾಹಿತಿಯು ಎಸ್‌ಕ್ಯೂಲೈಟ್ ಕಡತದಲ್ಲಿದ್ದರೆ ‘ಎಸ್‌ಕ್ಯೂಎಲ್‌ಡಿಫ್’, ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿದ್ದರೆ ‘ಟೇಬಲ್‌ಡಿಫ್’ ಬಳಕೆಯಲ್ಲಿವೆ. ಎರಡನ್ನೂ ಕಮಾಂಡ್ ಲೈನ್‌ನಿಂದಲೇ ನಡೆಸಲಾಗುತ್ತದೆ.

ಬಳಸುವುದು ಹೇಗೆ?

ಎಸ್‌ಕ್ಯೂಎಲ್‌ಡಿಫ್‌ನ ಕ್ರಮ ಸರಳ. ಸಾಧನದ ಹೆಸರು, ನಂತರ ಮೊದಲ ಕಡತದ ಹೆಸರು, ನಂತರ ಎರಡನೆಯದು; ನಡುವೆ ಖಾಲಿ ಜಾಗ ಬಿಟ್ಟು ಟೈಪಿಸಿ ಎಂಟರ್ ಒತ್ತಿದರೆ ಸಾಕು. ಮೊದಲ ಕಡತವನ್ನು ಎರಡನೆಯದರಂತೆ ಮಾಡಲು ಬೇಕಾದ ಆದೇಶಗಳು ಪರದೆಯ ಮೇಲೆ ಮೂಡುತ್ತವೆ. ಕಡತಗಳು ಮಾತ್ರ ಇದ್ದಂತೆಯೇ ಇರುತ್ತವೆ. ‘ಸಮರಿ’ ಆಯ್ಕೆ ಸೇರಿಸಿದರೆ ಯಾವ ಕೋಷ್ಟಕದಲ್ಲಿ ಎಷ್ಟು ಸಾಲು ಬದಲಾಗಿದೆ ಎಂಬ ಲೆಕ್ಕವಷ್ಟೇ ಸಿಗುತ್ತದೆ.

ಸಾಧನವು ಸಾಮಾನ್ಯವಾಗಿ ಸಾಲುಗಳನ್ನು ಅವುಗಳ ಆಂತರಿಕ ಕ್ರಮಸಂಖ್ಯೆಯಿಂದ ಜೋಡಿಸುತ್ತದೆ. ಎರಡು ಕಚೇರಿಗಳಲ್ಲಿ ಪ್ರತ್ಯೇಕವಾಗಿ ನಮೂದಿಸಿದ್ದರೆ ಒಬ್ಬರ ಸಾಲು ಇನ್ನೊಬ್ಬರದಕ್ಕೆ ಎದುರಾಗಬಹುದು. ಸದಸ್ಯತ್ವ ಸಂಖ್ಯೆಯನ್ನು ಕೋಷ್ಟಕದ ‘ಪ್ರೈಮರಿ ಕೀ’ ಆಗಿ ಗುರುತಿಸಿದ್ದಲ್ಲಿ, ಅದೇ ಹೆಸರಿನ ಆಯ್ಕೆ ಬಳಸುವುದು ಕ್ಷೇಮ.

ಹೆಸರಿನ ತೊಡಕು

ಕಾಣುವ ವ್ಯತ್ಯಾಸವೆಲ್ಲ ತಪ್ಪಲ್ಲ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದಾಗ ‘ಶಿಮೊಗ’ವು ‘ಶಿವಮೊಗ್ಗ’ವಾಯಿತು. ಹಳೆಯ ವಿಳಾಸ, ಹೊಸ ವಿಳಾಸಗಳು ಒಂದೇ ಊರಿನವಾದರೂ ಸಾಧನದ ಪಾಲಿಗೆ ಬೇರೆ ಬೇರೆ.

ಕನ್ನಡದಲ್ಲಿಯೇ ಬರೆದರೂ ತೊಡಕು ತಪ್ಪದು. ಯೂನಿಕೋಡ್‌ನಲ್ಲಿ ‘ಮೊ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎರಡು ಸಂಕೇತಗಳನ್ನು ಕೂಡಿಸಿಯೂ ದಾಖಲಿಸಬಹುದು. ಪರದೆಯಲ್ಲಿ ಎರಡೂ ‘ಶಿವಮೊಗ್ಗ’ವೇ, ಹೋಲಿಕೆಯಲ್ಲಿ ಎರಡು. ಆದ್ದರಿಂದ ಹೋಲಿಕೆಗೆ ಮುನ್ನ ಪಠ್ಯವನ್ನು ಏಕರೂಪಕ್ಕೆ ತರಬೇಕಾಗುತ್ತದೆ.

ಯಾವುದು ಸರಿ?

ಎಲ್ಲಕ್ಕಿಂತ ಮುಖ್ಯವಾದುದು ಕಡತಗಳ ಕ್ರಮ. ಶಾಖೆಯ ಕಡತವನ್ನು ಮೊದಲು ಬರೆದು, ಹೊರಬಂದ ಆದೇಶಗಳನ್ನು ಪರಿಶೀಲಿಸದೆ ಅದರ ಮೇಲೆಯೇ ನಡೆಸಿದರೆ, ಸರಿಯಾಗಿದ್ದ ಹೊಸ ನಾಮಿನಿಯ ಹೆಸರು ಅಳಿದು ಹಳೆಯದು ಮರಳುತ್ತದೆ. ಹೀಗಾಗಿ ಮೊದಲು ಎರಡೂ ಕಡತಗಳ ಪ್ರತಿ ತೆಗೆದಿಡುವುದು ಅವಶ್ಯ.

ಎರಡು ಪಟ್ಟಿಗಳು ಎಲ್ಲಿ ಭಿನ್ನವಾಗಿವೆ ಎಂಬುದನ್ನು ಸಾಧನ ಹೇಳಬಲ್ಲದು. ಯಾವುದು ಸತ್ಯ ಎಂಬುದನ್ನಲ್ಲ. ಅದಕ್ಕೆ ಸದಸ್ಯರು ಸಹಿ ಮಾಡಿಕೊಟ್ಟ ಅರ್ಜಿಯನ್ನೇ ತೆರೆದು ನೋಡಬೇಕು.